ಗುರುತು ಕೇಳಿದವಳಿಗೆ ಅವಳಿ ಮಕ್ಕಳು

ಹೆರಿಗೆ ಮಾಡಿಸುವವರ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂರುವುದು. ಇದನ್ನು ನಿಮ್ಮ ನರ್ಸಿಂಗ್ ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ನಾಡಿ ನೋಡುವುದು, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ತಿಳಿಯುವುದು, ಹೊಕ್ಕುಳಬಳ್ಳಿ ಕಟ್ಟುವುದು ಇವನ್ನೆಲ್ಲ ಕಲಿಸುತ್ತಾರೆ. ಕೈಕಟ್ಟಿ ಕೂರುವುದನ್ನು ಮಾತ್ರ ಕಲಿಸುವುದಿಲ್ಲ. ಅದಕ್ಕೆ ಪರೀಕ್ಷೆ ಇಡಲು ಬರುವುದಿಲ್ಲವಲ್ಲ. ನಾನು ಅದನ್ನು ಕಲಿಯುವಷ್ಟರಲ್ಲಿ ಬುದ್ಧಿ ಇದ್ದವರು ಎರಡು ಸಲ ಡಾಕ್ಟರಾಗಿಬಿಡುತ್ತಿದ್ದರು.

ನಮ್ಮ ಸಭೆಯ ಕೆಲವು ಹುಡುಗಿಯರು ಈ ವರ್ಷ ತರಬೇತಿಗೆ ಸೇರಿದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಸುತ್ತುವರಿದು, “ಅಜ್ಜಿ, ನಿಮ್ಮ ಕಾಲದ ಅನುಭವ ಬರೆದುಕೊಡಿ, ನಮಗೆ ಉಪಯೋಗ ಆಗುತ್ತೆ” ಎಂದರು. ಬರೆಯುತ್ತೇನೆ. ಆದರೆ ನಾನು ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ಹಿರಿಯ ಸಿಸ್ಟರ್ ಆದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಹಿರಿಯ ಸಿಸ್ಟರ್ ಆದಾಗ ಆದ ಬದಲಾವಣೆ ಇಷ್ಟೇ: ಅದುವರೆಗೆ ಬೈಸಿಕೊಳ್ಳುತ್ತಿದ್ದವಳು ಬೈಯಲು ಶುರುಮಾಡಿದೆ. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಅದು ಈಗ ಇಲ್ಲ. ಆದರೆ ಅದನ್ನು ನಡೆಸುತ್ತಿದ್ದ ಕಮಿಟಿಯವರ ಮೊಮ್ಮಕ್ಕಳು ಇದ್ದಾರೆ, ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ.

ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿದ ವರ್ಷ ನನಗೆ ಸಿಕ್ಕಿದ್ದು ಮೇಟ್ರನ್ ದೇವಪ್ರಿಯಮ್ಮ. ಮಂಡಿ ಮೊಹಲ್ಲಾದ ಅಂಚಿನಲ್ಲಿದ್ದ ಆ ಪುಟ್ಟ ಹೆರಿಗೆ ಆಸ್ಪತ್ರೆಗೆ ನಾನು ಒಂದು ತಗಡಿನ ಟ್ರಂಕು ಹಿಡಿದು ಬಂದೆ. ನನಗೆ ತಂದೆತಾಯಿ ಇರಲಿಲ್ಲ. ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳು. ಬೋರ್ಡಿಂಗಿನಲ್ಲಿ ಉದ್ದನೆಯ ಹಾಲಿನಲ್ಲಿ ಸಾಲಾಗಿ ಚಾಪೆ, ತರಬೇತಿಯಲ್ಲಿ ಉದ್ದನೆಯ ಹಾಲಿನಲ್ಲಿ ಸಾಲಾಗಿ ಮಂಚ. ಇಲ್ಲಿ ನರ್ಸುಗಳ ಕ್ವಾರ್ಟರ್ಸಿನಲ್ಲಿ ಮೊದಲ ಸಲ ನನಗೇ ಅಂತ ಒಂದು ಕೋಣೆ ಕೊಟ್ಟರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ! ಆ ದಿನ ಸುಮ್ಮಸುಮ್ಮನೆ ಎಷ್ಟೋ ಸಲ ಚಿಲಕ ಹಾಕಿದೆ, ತೆಗೆದೆ. ಈ ಕೋಣೆಯ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಷ್ಟಕ್ಕೆಲ್ಲ ಅದೇ ಮೂಲ.

ದೇವಪ್ರಿಯಮ್ಮ ಎತ್ತರದ, ಸಣಕಲು ಹೆಂಗಸು. ಯಾವಾಗಲೂ ಆಗತಾನೆ ಕಷಾಯ ಕುಡಿದವರ ಮುಖ. ಬೆಳಗ್ಗೆ ಜಗುಲಿಯಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡಬೇಕು. ಅದು ಮುಗಿದೊಡನೆ ಅವರು ನಮ್ಮ ಉಗುರು ನೋಡುತ್ತಿದ್ದರು, ಟೋಪಿ ನೋಡುತ್ತಿದ್ದರು, ಆಮೇಲೆ ಪೊಲೀಸಿನವರ ದನಿಯಲ್ಲಿ, “ಹೋಗಿ, ಸಂತೋಷವಾಗಿ ಕೆಲಸ ಮಾಡಿ” ಎನ್ನುತ್ತಿದ್ದರು. ನಾನು ಹೊಸಬಳು, ತಲೆಹರಟೆ ಬೇರೆ. ಒಂದು ದಿನ, “ಮೇಟ್ರನ್ನಮ್ಮ, ಸಂತೋಷ ಆಗದೆ ಇದ್ರೆ ಏನ್ ಮಾಡೋದು?” ಎಂದು ಕೇಳಿಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬೆಡ್‌ಪ್ಯಾನ್ ತೊಳಿ. ತೊಳೆದಾದ್ಮೇಲೂ ಆಗ್ಲಿಲ್ಲ ಅಂದ್ರೆ ಬಂದು ಹೇಳು, ಇನ್ನೂ ಇವೆ.”

ಆಗ ಡಾಕ್ಟರು ಸೀಮೆಯಿಂದ ಬಂದಿದ್ದ ಒಬ್ಬ ದೊರೆಸಾನಿ. ಕೈ ಬಂಗಾರ, ಮನಸ್ಸೂ ಬಂಗಾರ. ಕನ್ನಡವನ್ನು ಮಾತ್ರ ಸತ್ಯವೇದ ಓದಿಯೇ ಕಲಿತಿದ್ದರು. ಹೆರಿಗೆ ಹತ್ತಿರವಾದ ಹಳ್ಳಿಯ ಹೆಂಗಸೊಬ್ಬಳ ಬಳಿ ಬಂದು ಬಹಳ ಪ್ರೀತಿಯಿಂದ, “ಎಲೌ ತಾಯೇ, ಭಯಪಡಬೇಡ, ನಿನ್ನ ವೇಳೆಯು ಸಮೀಪಿಸಿತು” ಎಂದರು. ಆಕೆ ತನ್ನ ಕಥೆ ಮುಗಿಯಿತೆಂದೇ ತಿಳಿದು, “ಅಯ್ಯೋ, ನಮ್ಮ ಯಜಮಾನ್ರನ್ನ ಕರೀರಿ” ಎಂದು ಬೊಬ್ಬೆ ಹೊಡೆದಳು. ಡಾಕ್ಟರಮ್ಮ ಮಾತಾಡಿದಾಗಲೆಲ್ಲ ಹಿಂದೆ ನಿಂತು ನಾವು ಅದನ್ನು ಮೈಸೂರಿನ ಕನ್ನಡಕ್ಕೆ ತರಬೇಕಿತ್ತು. ನರ್ಸಿನ ಕೆಲಸದಲ್ಲಿ ಇದೂ ಒಂದು ಭಾಗವೆಂದು ತಿಳಿಯಿರಿ. ಈಗಿನ ಡಾಕ್ಟರುಗಳಿಗೂ ಇದು ಬೇಕಾಗುತ್ತದೆ.

ನನ್ನ ಮೊದಲನೆಯ ದೊಡ್ಡ ಎಡವಟ್ಟು ಜಟಕಾದಲ್ಲಿ ಆಯಿತು. ಮಂಡಿಯ ಬೆಲ್ಲದ ವ್ಯಾಪಾರಿಯೊಬ್ಬರ ಸೊಸೆ ನೋವೆಂದು ಬಂದಳು. ಆ ಕಾಲದಲ್ಲಿ ಒಳಗಿನದನ್ನು ತೋರಿಸುವ ಯಂತ್ರವೇನೂ ಇರಲಿಲ್ಲ. ನಮ್ಮ ಕೈಯೇ ಕಣ್ಣು, ಮಗುವಿನ ಎದೆ ಬಡಿತ ಕೇಳಲು ಒಂದು ಮರದ ಕೊಳವೆ, ಅಷ್ಟೇ. ನಾನು ಮುಟ್ಟಿ ನೋಡಿ, ಬಲು ಗತ್ತಿನಿಂದ, “ಇದು ಸುಳ್ಳು ನೋವು. ಮನೆಗೆ ಹೋಗಿ ಊಟ ಮಾಡಿ ಮಲಗಿ, ಇನ್ನೂ ವಾರ ಹಿಡಿಯುತ್ತೆ” ಎಂದೆ. ಅವರು ನನ್ನ ಮಾತಿಗೆ ಮರ್ಯಾದೆ ಕೊಟ್ಟು ಜಟಕಾ ಹತ್ತಿದರು. ಮಗು ಮರ್ಯಾದೆ ಕೊಡಲಿಲ್ಲ. ಅಕ್ಕಿ ಮಂಡಿಯ ಮುಂದೆ, ಗಾಡಿಯೊಳಗೇ ಹುಟ್ಟಿಬಿಟ್ಟಿತು. ಹಮಾಲರು ಗೋಣಿಚೀಲ ಹಿಡಿದು ಮರೆ ಮಾಡಿದರು. ಸುದ್ದಿ ಕೇಳಿ ನಾನು ಬೀದಿಯಲ್ಲಿ ಓಡುತ್ತಾ ಹೋದಾಗ ಜಟಕಾ ಸಾಬರು ಕುದುರೆಯ ಕಿವಿ ಮುಚ್ಚಿ ಹಿಡಿದುಕೊಂಡು ನಿಂತಿದ್ದರು. ಕುದುರೆ ಬೆದರದಿರಲಿ ಎಂದಂತೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಇಡೀ ಮಂಡಿಗೆ ಮಂಡಿಯೇ ನನ್ನನ್ನು ನೋಡಿ ನಗುತ್ತಿತ್ತು.

ದೇವಪ್ರಿಯಮ್ಮ ಬೈಯುತ್ತಾರೆಂದು ಕಾದು ನಿಂತೆ. ಅವರು ಕೇಳಿದ್ದು ಒಂದೇ ಮಾತು: “ಆ ಮಗು ನಿನ್ನ ಅಪ್ಪಣೆ ತಗೊಂಡು ಹುಟ್ಟಬೇಕಾಗಿತ್ತಾ?”

ಇನ್ನೊಂದು ಸಲ ಲಿಂಗಾಯತರ ಮನೆಯ ದೊಡ್ಡ ಅಜ್ಜಿಯೊಬ್ಬರು ಸೊಸೆಯನ್ನು ಕರೆತಂದಿದ್ದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಪಂಚಾಂಗ ತಿಳಿದ ಮಗನನ್ನು ನಿಲ್ಲಿಸಿ, ಮಗು ಕಾಣುವ ಹೊತ್ತಿಗೆ ಸರಿಯಾಗಿ, “ನರ್ಸಮ್ಮಾರೇ, ರಾಹುಕಾಲ ಕಣ್ರವ್ವ. ಒಂಚೂರು ತಡೀರಿ, ನಿಮ್ಮ ಕೈ ಮುಗೀತೀನಿ” ಎಂದರು. ತಡೆಯುವುದಕ್ಕೆ ಅದೇನು ನಲ್ಲಿ ನೀರೇ? ಮಗು ರಾಹುಕಾಲದಲ್ಲೇ ಬಂದು ಕೆಂಪಗೆ ಅತ್ತು ಎಲ್ಲರಿಗೂ ಸಂತೋಷ ಕೊಟ್ಟಿತು. ಅಜ್ಜಿಯೂ ರಾಹುವನ್ನು ಮರೆತು ಸಕ್ಕರೆ ಹಂಚಿದರು. ಆಮೇಲೆ ನಾನು ಬಟ್ಟೆ ಮಡಿಸುತ್ತಾ ಈ ಕಥೆಯನ್ನು ಹೇಳಿ ನಕ್ಕೆ. ದೇವಪ್ರಿಯಮ್ಮ ನಗಲಿಲ್ಲ.

“ಅವರು ಪಂಚಾಂಗ ನೋಡ್ಕೊಂಡು ಕೂತಿದ್ರು. ನೀನು ಕಮಿಟಿ ನೋಡ್ಕೊಂಡು ಕೂತಿದ್ದೀಯ. ಯಾರನ್ನ ನೋಡಿ ನಗ್ತಿದ್ದೀಯೇ ಕರುಣಾ?”

ನನ್ನ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಇವರಿಗೆ ಹೇಗೆ ಗೊತ್ತಾಯಿತು?

ಈಗ ಆ ವಿಷಯ ಹೇಳಲೇಬೇಕು. ನಮ್ಮ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು: ಮದುವೆಯಾದ ನರ್ಸು ಕೆಲಸದಲ್ಲಿರಬಾರದು. ಮದುವೆಯಾದರೆ ಕೆಲಸವೂ ಹೋಯಿತು, ಕ್ವಾರ್ಟರ್ಸಿನ ಕೋಣೆಯೂ ಹೋಯಿತು. ಆಗ ಎಷ್ಟೋ ಕಡೆ ಹಾಗೆಯೇ ಇತ್ತು. ನನಗೆ ಅದರಿಂದ ತೊಂದರೆಯೇನೂ ಇರಲಿಲ್ಲ, ದಾನಿಯೇಲ ಮಾಸ್ಟರು ತೊಟ್ಟಿಲು ರಿಪೇರಿಗೆ ಬರುವವರೆಗೆ.

ಅವರು ಹುಡುಗರ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟರು. ಆಸ್ಪತ್ರೆಯ ತೊಟ್ಟಿಲುಗಳ ಕಾಲು ಸಡಿಲವಾದರೆ ಕರೆಸುತ್ತಿದ್ದೆವು. ಕ್ರಮೇಣ ಕಾಲು ಗಟ್ಟಿಯಾಗಿದ್ದ ತೊಟ್ಟಿಲುಗಳನ್ನೂ ಅವರು ನೋಡಲು ಬರತೊಡಗಿದರು. ಒಂದು ಸಂಜೆ ಚರ್ಚಿನಿಂದ ಎಲ್ಲರೂ ನಡೆದು ಬರುವಾಗ ಅವರು ಸ್ವಲ್ಪ ಹಿಂದುಳಿದು, ಗಂಟಲು ಸರಿಮಾಡಿಕೊಂಡು, “ಸಿಸ್ಟರ್, ನೀವು ನನ್ನನ್ನ ಮದುವೆ ಆಗ್ತೀರಾ?” ಎಂದರು. ಸಿಸ್ಟರ್ ಎಂದು ಕರೆದು ಮದುವೆ ಕೇಳಿದವರು ಮೈಸೂರಿನಲ್ಲಿ ಅವರೊಬ್ಬರೇ ಇರಬೇಕು. ನನಗೆ ನಗು ಬಂತು, ಅಳುವೂ ಬಂತು. ಮನಸ್ಸು ಆಗಲೇ ಹೌದು ಎಂದಾಗಿತ್ತು. ಬಾಯಿ ಮಾತ್ರ, “ದೇವರ ಸಮಯ ಬರಲಿ ಮಾಸ್ಟರೇ, ಕಾಯೋಣ” ಎಂದಿತು.

ಕಾದೆವು. ಆ ನಿಯಮವನ್ನು ತೆಗೆಯುತ್ತಾರಂತೆ ಎಂಬ ಗುಸುಗುಸು ಪ್ರತಿ ವರ್ಷವೂ ಏಳುತ್ತಿತ್ತು. ಕಮಿಟಿಯ ಹಿರಿಯರು ಸರಸ್ವತಿಪುರಂ ಬಡಾವಣೆಯ ತಮ್ಮ ಹೊಸ ಮನೆಗಳಿಂದ ಬಂದು, ಪ್ರಾರ್ಥನೆ ಮಾಡಿ, ಬಿಸ್ಕತ್ತು ತಿಂದು, ಆ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸೋಣ ಎಂದು ಎದ್ದು ಹೋಗುತ್ತಿದ್ದರು. ನಾನೂ ಮೊಣಕಾಲೂರಿ, “ಕರ್ತನೇ, ನಿನ್ನ ಚಿತ್ತದಂತೆ ಆಗಲಿ, ಆದರೆ ಕಮಿಟಿಯವರ ಮನಸ್ಸನ್ನು ಸ್ವಲ್ಪ ತಿರುಗಿಸು” ಎಂದು ಬೇಡುತ್ತಿದ್ದೆ. ನನ್ನ ಪ್ರಾರ್ಥನೆಯಲ್ಲಿ ನಂಬಿಕೆ ಯಾವುದು, ಅರ್ಜಿ ಯಾವುದು ಎಂದು ದೇವರಿಗೂ ಬಿಡಿಸಲು ಕಷ್ಟವಾಗುತ್ತಿತ್ತೇನೋ.

ಮಾಸ್ಟರು ತಾಳ್ಮೆಯ ಮನುಷ್ಯ. ಅವರ ತಾಯಿ ರಾಹೇಲಮ್ಮ ಹಾಗಲ್ಲ. ಚರ್ಚಿನ ಬಾಗಿಲಲ್ಲಿ ನನ್ನನ್ನು ತಡೆದು, ಎಲ್ಲರಿಗೂ ಕೇಳುವಂತೆ, “ಏನಮ್ಮಾ, ದೇವ್ರ ಗಡಿಯಾರಕ್ಕೆ ಕೀಲಿ ಕೊಡೋರು ಯಾರೂ ಇಲ್ವಾ? ನನ್ ಮಗನ ತಲೆ ನೆರೀತಾ ಅದೆ” ಎಂದರು. ಕೊನೆಗೊಂದು ಭಾನುವಾರ ಮಾಸ್ಟರು ನನ್ನ ಹತ್ತಿರ ಬಂದರು. ಆ ದಿನ ಅವರ ಮುಖದಲ್ಲಿ ನಗು ಇರಲಿಲ್ಲ.

“ಅಮ್ಮ ಬುಧವಾರ ಹಾಸನಕ್ಕೆ ಹೊರಟಿದ್ದಾರೆ. ಅಲ್ಲೊಂದು ಹುಡುಗಿ ಇದೆಯಂತೆ. ಅವರನ್ನ ತಡೆಯೋದಕ್ಕೆ ನನಗೆ ನಿಮ್ಮದೊಂದು ಮಾತು ಬೇಕು. ಹೌದು ಅಥವಾ ಇಲ್ಲ.”

“ಮುಂದಿನ ತಿಂಗಳು ಕಮಿಟಿ ಕೂರುತ್ತೆ ಮಾಸ್ಟರೇ…”

“ನಾನು ಕಮಿಟೀನ ಮದುವೆ ಆಗ್ತಿಲ್ಲ ಕಣ್ರೀ” ಎಂದರು ಅವರು. ಅಷ್ಟು ಬಿರುಸಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಅವರನ್ನು ಕಳೆದುಕೊಂಡರೆ ನನ್ನ ಎದೆ ಒಡೆಯುತ್ತದೆ ಎಂದು ಗೊತ್ತಿತ್ತು. ಕೆಲಸ ಬಿಟ್ಟರೆ ನಾನು ಯಾರು ಎಂಬುದೇ ಗೊತ್ತಿರಲಿಲ್ಲ. ಟೋಪಿ ತೆಗೆದಿಟ್ಟರೆ ಕೆಳಗೆ ಉಳಿಯುವುದು ಬೋರ್ಡಿಂಗಿನ ಅದೇ ಅನಾಥ ಹುಡುಗಿ ಎನಿಸುತ್ತಿತ್ತು. ಅತ್ತ ಹೋಗಲೂ ಆಗದೆ, ಇತ್ತ ನಿಲ್ಲಲೂ ಆಗದೆ ಬುಧವಾರ ಬಂದೇ ಬಂತು.

ನಮ್ಮವರಲ್ಲಿ ಒಂದು ಅಭ್ಯಾಸವಿದೆ, ದೇವರ ಹತ್ತಿರ ಗುರುತು ಕೇಳುವುದು. ಕೆಲವರು ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟು, ಸಿಕ್ಕಿದ ವಾಕ್ಯವೇ ಉತ್ತರ ಎನ್ನುತ್ತಾರೆ. ಕೆಲವರು, ಮೊದಲು ಎದುರಿಗೆ ಬಂದವರು ಇಂಥವರಾದರೆ ಹೀಗೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ನಾನು ಹೆರಿಗೆ ಆಸ್ಪತ್ರೆಯವಳು, ನನ್ನ ಬುದ್ಧಿ ಇನ್ನೆಲ್ಲಿಗೆ ಹೋದೀತು? ಬುಧವಾರ ಬೆಳಗ್ಗೆ ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, “ಕರ್ತನೇ, ಇವತ್ತು ನನ್ನ ಕೈಗೆ ಬರುವ ಮೊದಲ ಮಗು ಹೆಣ್ಣಾದರೆ ಹೌದು. ಗಂಡಾದರೆ ಇಲ್ಲ. ಇಷ್ಟು ಸ್ಪಷ್ಟವಾಗಿ ಕೇಳಿದ್ದೇನೆ, ಸ್ಪಷ್ಟವಾಗಿಯೇ ಹೇಳು” ಎಂದು ಪ್ರಾರ್ಥಿಸಿದೆ. ಎದ್ದು ಮುಖ ಒರೆಸಿಕೊಂಡಾಗ ಬಹಳ ಭಕ್ತಿವಂತಳಾದ ಹಾಗೆ ಅನ್ನಿಸಿತು.

ಬೋಗಾದಿಯಿಂದ ಎತ್ತಿನ ಗಾಡಿಯಲ್ಲಿ ಕೆಂಪಮ್ಮ ಎಂಬ ಹೆಂಗಸು ಬಂದಿದ್ದಳು, ಜೊತೆಗೆ ಅವಳ ಅತ್ತೆ. ಹೊಟ್ಟೆ ಸ್ವಲ್ಪ ದೊಡ್ಡದೇ ಇತ್ತು. ಡಾಕ್ಟರಮ್ಮ ಬೇರೆಡೆ ಹೋಗಿದ್ದರು. ನಾನು ಮುಟ್ಟಿ ನೋಡಿದೆ. ಮಗುವೂ ದೊಡ್ಡದಿರಬೇಕು, ನೀರೂ ಹೆಚ್ಚಿರಬೇಕು ಎಂದುಕೊಂಡೆ. ಮನಸ್ಸು ಹೆಣ್ಣೋ ಗಂಡೋ ಎಂಬುದರ ಮೇಲೇ ನೆಟ್ಟಿದ್ದರಿಂದ ಒಂದೋ ಎರಡೋ ಎಂದು ಕೇಳಿಕೊಳ್ಳಲು ಹೊಳೆಯಲಿಲ್ಲ. ದೇವಪ್ರಿಯಮ್ಮ ಪಕ್ಕದಲ್ಲೇ ನಿಂತಿದ್ದರು. ಬಿಸಿಲು ಏರಿ ಹೆಂಚಿನ ಸಂದಿಯಿಂದ ಕೋಲುಕೋಲಾಗಿ ಇಳಿಯುತ್ತಿತ್ತು. ತಲೆ ಕಾಣಿಸಿತು. “ಮುಕ್ಕಮ್ಮಾ, ಮುಕ್ಕು, ಉಸಿರು ಬಿಗಿ ಹಿಡಿದು ಮುಕ್ಕು” ಎಂದೆವು ಇಬ್ಬರೂ. ಮಗು ಕೈಗೆ ಬಂತು.

“ಹೆಣ್ಣು!” ಎಂದು ಕೂಗಿದೆ. ಕೂಗು ಬೀದಿಗೆ ಕೇಳಿಸಿರಬೇಕು. ಕೆಂಪಮ್ಮನ ಅತ್ತೆ ಬಾಗಿಲಲ್ಲಿ ತಲೆ ಹಾಕಿ ನನ್ನನ್ನೇ ನೋಡಿದರು. ಹೆಣ್ಣು ಹುಟ್ಟಿದ್ದಕ್ಕೆ ಇಷ್ಟು ಕುಣಿಯುವವರನ್ನು ಅವರು ಕಂಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿ ಮಗುವೇ ಸರಿಯಾಗಿ ಕಾಣಿಸುತ್ತಿರಲಿಲ್ಲ. ಹೌದು ಎಂದಾಯಿತು! ದೇವರು ಹೌದು ಎಂದ!

ಮಗುವನ್ನು ದೇವಪ್ರಿಯಮ್ಮನವರ ಕೈಗೆ ಕೊಟ್ಟು, ಮಗುವಿನ ಹಿಂದೆ ಬರುವ ಮಾಸು ಬೀಳಲಿ ಎಂದು ಕೆಂಪಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟೆ. ಹೊಟ್ಟೆ ಇಳಿದಿರಲಿಲ್ಲ. ಕೈಗೆ ಒಳಗಿನಿಂದ ಒಂದು ಒದೆ ಬಿತ್ತು.

“ಮೇಟ್ರನ್ನಮ್ಮ,” ಎಂದೆ, “ಒಳಗೆ ಇನ್ನೊಂದಿದೆ.”

“ಇದ್ರೆ ಹೊರಗೆ ತೆಗಿ. ಏನ್ ನೋಡ್ತಾ ನಿಂತಿದ್ದೀಯ?”

ಇನ್ನೊಂದು ಬಂತು. ಗುಂಡುಗುಂಡಾಗಿ, ಅಕ್ಕನಿಗಿಂತ ಜೋರಾಗಿ ಅಳುತ್ತಾ ಬಂತು. ಗಂಡು.

ನಾನು ಹೋ ಎಂದು ಅತ್ತುಬಿಟ್ಟೆ. ಕೈ ತನ್ನ ಪಾಡಿಗೆ ಹೊಕ್ಕುಳಬಳ್ಳಿ ಕಟ್ಟುತ್ತಿತ್ತು, ಕಣ್ಣು ತನ್ನ ಪಾಡಿಗೆ ಸುರಿಯುತ್ತಿತ್ತು. ಅತ್ತೆಯವರು ಇನ್ನು ತಾಳಲಾರದೆ ಒಳಗೇ ಬಂದರು. “ಇದೆಂಗವ್ವ ಇದು! ಎಣ್ಣು ಉಟ್ಟುದ್ರೆ ಕುಣೀತೀರ, ಗಂಡು ಉಟ್ಟುದ್ರೆ ಅಳ್ತೀರ! ಇಂತಾ ನರ್ಸಮ್ಮನ್ನ ನಾ ಕಂಡಿಲ್ಲ ಬುಡಿ!”

ಎಲ್ಲ ಮುಗಿದು, ತಾಯಿಗೆ ಗಂಜಿ ಕೊಟ್ಟು, ಎರಡೂ ಮಕ್ಕಳನ್ನು ಅತ್ತೆಯ ಎರಡು ತೊಡೆಗಳ ಮೇಲೆ ಮಲಗಿಸಿದ ನಂತರ ದೇವಪ್ರಿಯಮ್ಮ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಏನಾಯಿತೆಂದು ಕೇಳಿದರು. ಹಾಸನದ ಹುಡುಗಿಯ ಮಾತನ್ನೂ ಬಟ್ಟೆ ಕೋಣೆಯ ಪ್ರಾರ್ಥನೆಯನ್ನೂ ಬಿಕ್ಕುತ್ತಾ ಹೇಳಿದೆ. ಅವರ ಮುಖದಲ್ಲಿ ಏನೋ ಆಗತೊಡಗಿತು. ಮೊದಲು ತುಟಿ ನಡುಗಿತು, ಆಮೇಲೆ ಭುಜ. ಹುಷಾರಿಲ್ಲವೇನೋ ಎಂದು ನಾನು ಗಾಬರಿಯಾದೆ. ದೇವಪ್ರಿಯಮ್ಮ ನಗುತ್ತಿದ್ದರು! ಗೋಡೆ ಹಿಡಿದುಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಎಷ್ಟೋ ವರ್ಷದಿಂದ ಆ ಆಸ್ಪತ್ರೆಯಲ್ಲಿದ್ದ ಆಯಾ ಬಂದು ಇಣುಕಿ, ಹೆದರಿ ಹೊರಟುಹೋದಳು.

“ಅಯ್ಯೋ ಪೆದ್ದೀ,” ಎಂದರು ಕೊನೆಗೆ, “ನೀನು ಬರೆದಿಟ್ಟ ಚೀಟಿ ಎತ್ತೋದಕ್ಕೆ ದೇವರು ಕೂತಿದ್ದಾನೇನೇ? ಅವನು ನಿನಗೆ ಉತ್ತರ ಕೊಡ್ಲಿಲ್ಲ, ಕೆಲಸ ಕೊಟ್ಟ. ಒಂದು ಕೇಳಿದ್ದಕ್ಕೆ ಎರಡು ಕೊಟ್ಟ.”

ನನಗೂ ನಗು ಬಂದುಬಿಟ್ಟಿತು. ಇಬ್ಬರೂ ನಕ್ಕೆವು. ಆಮೇಲೆ ಅವರು ಕಣ್ಣೊರೆಸಿಕೊಂಡು ಮೊದಲಿನ ಕಷಾಯದ ಮುಖಕ್ಕೆ ಬಂದರು.

“ಕೇಳು ಕರುಣಾ. ಮೊದಲನೇ ಮಗು ಬಂದಾಗ ನಿನ್ನ ಮುಖ ನಾನು ನೋಡಿದೆ. ನಿನಗೆ ಗುರುತು ಬೇಕಾಗಿರಲಿಲ್ಲ, ಧೈರ್ಯ ಬೇಕಾಗಿತ್ತು. ನಿನಗೆ ಆ ಕೋಣೆ ಬಿಡೋದಕ್ಕೆ ಭಯ. ಭಯ ಪಡೋದು ತಪ್ಪಲ್ಲ. ಅದಕ್ಕೆ ದೇವರ ಸಮಯ ಅಂತ ಹೆಸರಿಡಬೇಡ. ನೀನು ಹೆರಿಗೆ ಮಾಡಿಸೋಳು, ನಿನಗೆ ನಾನು ಹೇಳಿಕೊಡಬೇಕಾ? ಕಾಯೋ ಹೊತ್ತಲ್ಲಿ ತಾಳು ಅನ್ನಬೇಕು. ತಲೆ ಕಾಣಿಸಿದ್ಮೇಲೂ ತಾಳು ಅಂದ್ರೆ ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ.”

“ಕೆಲಸ ಹೋಗುತ್ತಲ್ಲ ಮೇಟ್ರನ್ನಮ್ಮ. ಆಮೇಲೆ ಏನು?”

“ನನಗೇನು ಗೊತ್ತು? ಗೊತ್ತಿದ್ರೆ ನಂಬಿಕೆ ಯಾಕೆ ಬೇಕು?” ಎಂದು ಅವರು ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದರು. “ಹಾಸನದ ರೈಲು ಮಧ್ಯಾಹ್ನ ಅಲ್ವಾ? ಓಡು.”

ಟೋಪಿಯಲ್ಲೇ ಓಡಿದೆ. ಮಂಡಿಯ ಮೂಟೆಗಳ ನಡುವೆ, ಕೈಗಾಡಿಗಳ ನಡುವೆ ಓಡಿದೆ. ನರ್ಸಮ್ಮ ಓಡುವುದನ್ನು ಕಂಡ ಅಂಗಡಿಯವರೆಲ್ಲ, “ಯಾವ ಜಟಕಾದಲ್ಲಮ್ಮಾ?” ಎಂದು ಕೇಳಿದರು. ರಾಹೇಲಮ್ಮ ಹೊಸ ಸೀರೆಯುಟ್ಟು, ಚಕ್ಕುಲಿಯ ಡಬ್ಬಕ್ಕೆ ಬಟ್ಟೆ ಸುತ್ತಿ, ಬಾಗಿಲಿಗೆ ಬೀಗ ಹಾಕುತ್ತಿದ್ದರು. ನಾನು ಏದುಸಿರು ಬಿಡುತ್ತಾ, “ಅಮ್ಮಾ, ಹೌದು” ಎಂದೆ.

“ಏನು ಹೌದು?”

“ಮಾಸ್ಟರಿಗೆ… ಹೌದು. ಕೆಲಸ ಹೋದ್ರೂ ಹೌದು.”

ರಾಹೇಲಮ್ಮ ಬೀಗ ತೆಗೆದರು, ಒಳಗೆ ಹೋಗಿ ಡಬ್ಬವನ್ನು ದೊಪ್ಪನೆ ಕೆಳಗಿಟ್ಟರು. “ಇದನ್ನ ನೆನ್ನೆ ಹೇಳಿದ್ರೆ ನಾನು ಇಷ್ಟೊಂದು ಚಕ್ಕುಲಿ ಸುಡ್ತಿದ್ನಾ? ಕೂತ್ಕೋ, ತಿನ್ನು” ಎಂದು ಬೈದರು. ಬೈಯುತ್ತಲೇ ನನ್ನ ತಲೆಯನ್ನು ಎದೆಗೊತ್ತಿಕೊಂಡರು. ಹಾಗೆ ಯಾರೂ ನನ್ನನ್ನು ಅದುವರೆಗೆ ಹಿಡಿದುಕೊಂಡಿರಲಿಲ್ಲ.

ಹಿಂತಿರುಗಿ ನಡೆದು ಬರುವಾಗ ನಡೆದ ಒಂದು ಸಂಗತಿಯನ್ನು ಹೇಳಬೇಕು, ಹುಡುಗಿಯರೇ, ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದದ್ದು. ನನಗೆ ಆಗ ಏನೂ ಗೊತ್ತಿರಲಿಲ್ಲ. ಎಲ್ಲಿರುತ್ತೇನೆ, ಏನು ಮಾಡುತ್ತೇನೆ, ಮತ್ತೆ ಯಾವತ್ತಾದರೂ ಒಂದು ಮಗುವನ್ನು ಕೈಯಲ್ಲಿ ಹಿಡಿಯುತ್ತೇನೆಯೇ ಎಂಬುದೂ ಗೊತ್ತಿರಲಿಲ್ಲ. ಕೇಳಿದ ಯಾವ ಪ್ರಶ್ನೆಗೂ ಉತ್ತರ ಬಂದಿರಲಿಲ್ಲ. ಆದರೂ ಆ ಬಿಸಿಲಲ್ಲಿ, ಬೆಲ್ಲದ ಮೂಟೆಯ ನೊಣಗಳ ನಡುವೆ, ಎದೆಯೊಳಗೆ ಸಂತೋಷ ತುಂಬಿ ನಾನು ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದೆ. ಅದಕ್ಕೆ ಕಾರಣವನ್ನು ಹುಡುಕಿದೆ, ಸಿಗಲಿಲ್ಲ. ಎಲ್ಲವೂ ಇತ್ಯರ್ಥವಾದ ಮೇಲೆ ಸಂತೋಷ ಎಂದು ನಾನು ಎಣಿಸಿದ್ದೆ. ಅದು ಎಲ್ಲಕ್ಕಿಂತ ಮೊದಲೇ ಬಂದು ನನ್ನ ಜೊತೆ ನಡೆಯುತ್ತಿತ್ತು. ದೇವರು ನನ್ನ ಜೊತೆ ಇದ್ದಾನೆ ಎಂದು ನಾನು ಬೋರ್ಡಿಂಗಿನಿಂದ ಬಾಯಿಪಾಠ ಹೇಳಿಕೊಂಡು ಬಂದವಳು. ಅದು ನಿಜವೆಂದು ಆ ಮಂಡಿಯ ಬೀದಿಯಲ್ಲಿ ತಿಳಿಯಿತು.

ನಮ್ಮ ಪದ್ಧತಿಯಂತೆ ಮೂರು ಭಾನುವಾರ ಚರ್ಚಿನಲ್ಲಿ ನಮ್ಮ ಮದುವೆಯ ಪ್ರಕಟಣೆ ಓದಿದರು. ಯಾರಿಗಾದರೂ ಆಕ್ಷೇಪಣೆಯಿದ್ದರೆ ಈಗಲೇ ಹೇಳಿ ಎಂದು ಪಾದ್ರಿ ಅಯ್ಯನವರು ಕೇಳುತ್ತಾರಲ್ಲ, ಕೊನೆಯ ಭಾನುವಾರ ಆ ಮೌನದ ಹೊತ್ತಿಗೆ ಹಿಂದಿನಿಂದ ಯಾರೋ ಜೋರಾಗಿ ಕೆಮ್ಮಿದರು. ನನಗೂ ಮಾಸ್ಟರಿಗೂ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ದೇವಪ್ರಿಯಮ್ಮ. ಅವರು ಬೇಕೆಂದೇ ಕೆಮ್ಮಿದರೆಂಬುದು ಇಂದಿಗೂ ನನ್ನ ಅನುಮಾನ.

ಕೋಣೆ ಖಾಲಿ ಮಾಡಿದ ದಿನ ಅವರು ಬಾಗಿಲಲ್ಲಿ ನಿಂತು, “ಆ ನಿಯಮ ತೆಗೀರಿ ಅಂತ ಪ್ರತಿ ವರ್ಷ ಕಮಿಟಿ ಮುಂದೆ ಎತ್ತಿದವಳು ನಾನೇ. ಇನ್ನೂ ಎತ್ತುತ್ತೀನಿ” ಎಂದರು. ಆ ನಿಯಮ ಅವರದೇ ಎಂದು ನಾವೆಲ್ಲ ಅಷ್ಟು ವರ್ಷ ಅವರ ಬೆನ್ನ ಹಿಂದೆ ಗೊಣಗಿದ್ದೆವು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಿದ್ರೆ ನೀನು ಕಮಿಟಿ ಬಿಟ್ಟು ನನ್ನ ಮುಖ ನೋಡ್ಕೊಂಡು ಕೂರ್ತಿದ್ದೆ. ಹೋಗು, ಗಾಡಿ ಕಾಯ್ತಾ ಇದೆ” ಎಂದರು.

ಮಂಡಿ ಮೊಹಲ್ಲಾದಲ್ಲೇ ಬಾಡಿಗೆ ಮನೆ. ಮದುವೆಯಾದ ಹೊಸತರಲ್ಲಿ ಡ್ಯೂಟಿಯ ಹೊತ್ತಿಗೆ ಎದ್ದು ಕೂತು, ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ನೆನಪಾಗಿ ಮತ್ತೆ ಮಲಗುತ್ತಿದ್ದೆ. ಬೇಸರವೇ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ; ಎಷ್ಟೋ ದಿನ ಒಲೆಯ ಮುಂದೆ ಕೂತು ಅತ್ತಿದ್ದೇನೆ. ಸಂತೋಷ ಬಂದ ಮೇಲೆ ಅಳು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ, ಎರಡೂ ಒಂದೇ ಮನೆಯಲ್ಲಿ ಇರುತ್ತವೆ. ಆಮೇಲೆ ಹಿಂದಿನ ಸಾಲುಮನೆಯ ಹೆಂಗಸೊಬ್ಬರು ಬಂದು, “ನಮ್ ಮಗಳಿಗೆ ನೋವು ಸುರುವಾಗದೆ, ಒಸಿ ಬನ್ನಿ ನರ್ಸಮ್ಮ” ಎಂದರು. ಹೋದೆ. ಮತ್ತೊಬ್ಬರು ಬಂದರು. ಆಸ್ಪತ್ರೆಯ ಹೊಸ್ತಿಲು ಹತ್ತಲು ಹೆದರುತ್ತಿದ್ದ ಮನೆಗಳಿಗೆಲ್ಲ ಹೋದೆ. ಹಂಡೆಯಲ್ಲಿ ಬ್ಲೇಡು ಕುದಿಸುವುದನ್ನೂ, ಕೈಗೆ ಸೋಪು ಹಾಕುವುದನ್ನೂ ಸೂಲಗಿತ್ತಿಯರಿಗೆ ಹೇಳಿಕೊಟ್ಟೆ. ಗಾಬರಿಯಾದ ತಾಯಿಯ ಬೆನ್ನು ನೀವುವುದನ್ನು ಅವರಿಂದ ಕಲಿತೆ. ಆಸ್ಪತ್ರೆಯಲ್ಲಿ ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮಾಸ್ಟರು ನನ್ನ ಸಾಮಾನಿಗೆಂದು ಮರದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ಅದು ಎಷ್ಟು ಭಾರವಿತ್ತೆಂದರೆ ಅದನ್ನು ಹೊರಲು ಅವರೇ ಬರಬೇಕಾಗುತ್ತಿತ್ತು. ಅದಕ್ಕೇ ಹಾಗೆ ಮಾಡಿದರೋ ಏನೋ.

ಹೀಗೆ ಕೆಲವು ವರ್ಷ ಕಳೆದವು. ಡಾಕ್ಟರಮ್ಮ ತಮ್ಮ ಸೀಮೆಗೆ ಹಿಂತಿರುಗಿದ್ದರು, ನರ್ಸುಗಳು ಸಾಲದೆ ಆಸ್ಪತ್ರೆ ಒದ್ದಾಡುತ್ತಿದೆ ಎಂದು ಸುದ್ದಿ ಬರುತ್ತಿತ್ತು. ಒಂದು ಮಧ್ಯಾಹ್ನ ತಗಡಿನ ಕೆಲಸ ಮಾಡುವ ಸಾಬರೊಬ್ಬರ ಮನೆಯಲ್ಲಿ ನಾನು ಹೆರಿಗೆ ಮಾಡಿಸುತ್ತಿದ್ದೆ. ಹೊರಗೆ ಅಂಗಡಿಯಲ್ಲಿ ಸುತ್ತಿಗೆಯ ಸದ್ದು, ಒಳಗೆ ಆಗತಾನೆ ಹುಟ್ಟಿದ ಮಗುವಿನ ಅಳು. ಅಷ್ಟರಲ್ಲಿ ಬೀದಿಯಲ್ಲಿ ಜಟಕಾ ನಿಂತ ಸದ್ದಾಯಿತು. ಕೋಣೆಗೆ ಹಾಕಿದ್ದ ಪರದೆಯ ಆಚೆಯಿಂದ ದೇವಪ್ರಿಯಮ್ಮನವರ ದನಿ ಕೇಳಿತು. ನನ್ನ ಮನೆಗೆ ಹೋಗಿ, ರಾಹೇಲಮ್ಮನವರನ್ನು ಕೇಳಿಕೊಂಡು ಇಲ್ಲಿಗೇ ಬಂದಿದ್ದರು.

“ಕರುಣಾ! ಕೇಳಿಸ್ತಾ ಇದೆಯೇನೇ? ಕಮಿಟಿ ಒಪ್ಪಿತು! ಆ ನಿಯಮ ಹೋಯ್ತು! ಮದುವೆ ಆದೋರೂ ಇರಬಹುದಂತೆ. ನೀನು ನಾಳೆಯಿಂದಲೇ ಬಂದ್ಬಿಡು!”

ಯಾವ ಮಾತಿಗಾಗಿ ನಾನು ಅಷ್ಟು ವರ್ಷ ಮೊಣಕಾಲೂರಿದ್ದೆನೋ, ಯಾವ ಮಾತು ಬರಲಿಲ್ಲವೆಂದು ಒಬ್ಬ ಒಳ್ಳೆಯ ಮನುಷ್ಯನನ್ನು ಕಳೆದುಕೊಳ್ಳುವುದರಲ್ಲಿದ್ದೆನೋ, ಆ ಮಾತು ಪರದೆಯ ಆಚೆ ನಿಂತು ಕರೆಯುತ್ತಿತ್ತು. ನನಗೆ ಸಂತೋಷವಾಯಿತು, ಆಗದೆ ಏನು? ಆದರೆ ನನ್ನ ಎರಡೂ ಕೈಯಲ್ಲಿ ಕೆಲಸವಿತ್ತು, ಮನಸ್ಸಿನ ತುಂಬ ಆ ಬಾಣಂತಿ ಹುಡುಗಿಯ ನಾಡಿಯಿತ್ತು, ತಿರುಗಿ ನೋಡಬೇಕೆಂದೂ ಅನ್ನಿಸಲಿಲ್ಲ.

“ಸ್ವಲ್ಪ ಕೂತ್ಕೊಳ್ಳಿ ಮೇಟ್ರನ್ನಮ್ಮ,” ಎಂದೆ, “ಇನ್ನೂ ಮಾಸು ಬಿದ್ದಿಲ್ಲ.”

ಆಚೆ ಚಪ್ಪಲಿ ಬಿಟ್ಟ ಸದ್ದು ಕೇಳಿತು. ಪರದೆ ಸರಿಸಿ ಒಳಗೆ ಬಂದ ದೇವಪ್ರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.